ಮರುಭೂಮಿಗೆ ಬಂದ ಮಳೆ

(ನಮ್ಮ ದೇಶದ ವಾಯವ್ಯ ಭಾಗದಲ್ಲಿ ಥಾರ್ ಮರುಭೂಮಿ ಇದೆ. ಅಲ್ಲಿ ಬಿಸಿಲು ಬಹಳ, ಮಳೆ ಅಲ್ಪ. ಆದರೂ ನೂರಾರು ವರ್ಷಗಳಿಂದ ಜನ ಅಲ್ಲಿ ಬಾಳಿ ಬದುಕಿದ್ದಾರೆ. ಅಲ್ಲಿಯ ಬೇಸಿಗೆ ಹೇಗಿರುತ್ತದೆ, ಮಳೆ ಏಕೆ ಕಡಿಮೆ, ಬಂದ ಅಲ್ಪ ಮಳೆಯನ್ನು ಜನ ಹೇಗೆ ಕಾಪಾಡಿಕೊಳ್ಳುತ್ತಾರೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.)

ಮಕ್ಕಳೇ, ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಬಿಸಿಲು ಹೇಗಿರುತ್ತದೆಂದು ನಿಮಗೆ ಗೊತ್ತು. ಮಧ್ಯಾಹ್ನ ಬರಿಗಾಲಲ್ಲಿ ಅಂಗಳಕ್ಕೆ ಇಳಿದರೆ ಕಾಲು ಸುಡುತ್ತವೆ. ಬಾವಿಯ ತಳ ಕಾಣುತ್ತದೆ. ಟ್ಯಾಂಕರ್ ಬಂತೆಂದರೆ ಕೊಡ ಹಿಡಿದು ಓಡಬೇಕಾಗುತ್ತದೆ. ಮಿರಗದ ಮಳೆ ಯಾವಾಗ ಬಂದೀತೆಂದು ಹಿರಿಯರು ಆಕಾಶ ನೋಡುತ್ತಾರೆ. ಇಷ್ಟಾದರೂ ನಮ್ಮ ಸೊಲ್ಲಾಪುರದ ಕಡೆ ವರ್ಷಕ್ಕೆ ಸರಾಸರಿ 500ರಿಂದ 600 ಮಿ.ಮೀ. ಮಳೆ ಆಗುತ್ತದೆ. ಇದರ ಮೂರನೆಯ ಒಂದು ಪಾಲಿನಷ್ಟು ಮಳೆಯಲ್ಲಿಯೇ ವರ್ಷ ಕಳೆಯುವ ಜನ ನಮ್ಮ ದೇಶದಲ್ಲಿದ್ದಾರೆ. ಅವರ ನಾಡೇ ಥಾರ್.

ಥಾರ್ ಎಲ್ಲಿದೆ?

ಥಾರ್ ಮರುಭೂಮಿಯ ಹೆಚ್ಚಿನ ಭಾಗ ರಾಜಸ್ಥಾನದ ಪಶ್ಚಿಮದಲ್ಲಿದೆ. ಜೈಸಲ್ಮೇರ್, ಬಾಡಮೇರ್, ಬಿಕಾನೇರ್, ಜೋಧಪುರ ಇವು ಆ ಭಾಗದ ಮುಖ್ಯ ನಗರಗಳು. ಗುಜರಾತ, ಹರಿಯಾಣ, ಪಂಜಾಬ ರಾಜ್ಯಗಳ ಕೆಲವು ಭಾಗಗಳಿಗೂ ಗಡಿಯಾಚೆ ಪಾಕಿಸ್ತಾನಕ್ಕೂ ಅದು ಹಬ್ಬಿದೆ. ಅದರ ಒಟ್ಟು ವಿಸ್ತಾರ ಸುಮಾರು ಎರಡು ಲಕ್ಷ ಚದರ ಕಿಲೋಮೀಟರ್.

ಮರುಭೂಮಿ ಎಂದೊಡನೆ ನಮ್ಮ ಕಣ್ಣ ಮುಂದೆ ಮರಳುದಿಣ್ಣೆಗಳು ನಿಲ್ಲುತ್ತವೆ. ಥಾರ್‌ನಲ್ಲಿ ಮರಳುದಿಣ್ಣೆಗಳ ಜೊತೆಗೆ ಕಲ್ಲುನೆಲ, ಉಪ್ಪುನೆಲ, ಕುರುಚಲು ಗಿಡಗಳ ಬಯಲು ಕೂಡ ಇವೆ. ಹಳ್ಳಿಗಳಿವೆ, ಹೊಲಗಳಿವೆ, ಶಾಲೆಗಳಿವೆ. ಜಗತ್ತಿನ ಮರುಭೂಮಿಗಳಲ್ಲಿ ಹೆಚ್ಚು ಜನವಸತಿ ಇರುವ ಮರುಭೂಮಿ ಎಂದು ಥಾರ್ ಹೆಸರಾಗಿದೆ.

ಬೆಂಕಿಯಂಥ ಬೇಸಿಗೆ

ಮೇ ತಿಂಗಳು ಬಂತೆಂದರೆ ಥಾರ್ ಕಾಯ್ದ ಹಂಚಿನಂತಾಗುತ್ತದೆ. 45 ಅಂಶ ಸೆಲ್ಸಿಯಸ್ ತಾಪಮಾನ ಅಲ್ಲಿ ಹೊಸ ಸುದ್ದಿಯಲ್ಲ. 2016ರ ಮೇ 19ರಂದು ಫಲೋದಿ ಎಂಬ ಊರಿನಲ್ಲಿ 51 ಅಂಶ ತಾಪಮಾನ ದಾಖಲಾಯಿತು. ನಮ್ಮ ದೇಶದಲ್ಲಿ ಹವಾಮಾನ ಇಲಾಖೆ ದಾಖಲಿಸಿದ ಅತಿ ಹೆಚ್ಚಿನ ತಾಪಮಾನ ಅದು. 2024ರ ಮೇ 28ರಂದು ಚುರು ಎಂಬಲ್ಲಿ 50.5 ಅಂಶ ದಾಖಲಾಯಿತು. ಇವು ನೆರಳಿನಲ್ಲಿಟ್ಟ ತಾಪಮಾಪಕದ ಲೆಕ್ಕ. ಬಿಸಿಲಿಗೆ ಬಿದ್ದ ಮರಳು ಇದಕ್ಕಿಂತ ಬಹಳ ಹೆಚ್ಚು ಕಾಯ್ದಿರುತ್ತದೆ.

ಈ ದಿನಗಳಲ್ಲಿ ಒಣಗಾಳಿ ಬೀಸುತ್ತದೆ. ಅದಕ್ಕೆ 'ಲೂ' ಎನ್ನುತ್ತಾರೆ. ಒಲೆಯ ಬಾಯಿಯ ಮುಂದೆ ನಿಂತಾಗ ಮುಖಕ್ಕೆ ಹೊಡೆಯುವ ಝಳದಂತೆ ಅದು ಇರುತ್ತದೆ. ನಮ್ಮ ಶರೀರದ ತಾಪಮಾನ ಸುಮಾರು 37 ಅಂಶ. ಬೆವರು ಆರುವುದರಿಂದ ಶರೀರ ತಂಪಾಗಿರುತ್ತದೆ. ಲೂ ಬೀಸುವಾಗ ಬೆವರು ಬಂದದ್ದೇ ತಿಳಿಯದಷ್ಟು ಬೇಗ ಆರಿಹೋಗುತ್ತದೆ. ಶರೀರದ ನೀರು, ಉಪ್ಪು ಕಡಿಮೆಯಾಗುತ್ತವೆ. ತಲೆ ತಿರುಗುತ್ತದೆ, ನಾಲಿಗೆ ಒಣಗುತ್ತದೆ. ಆಗ ನೆರಳಿಗೆ ಹೋಗದಿದ್ದರೆ, ನೀರು ಕುಡಿಯದಿದ್ದರೆ ಜೀವಕ್ಕೇ ಅಪಾಯ.

ಅದಕ್ಕಾಗಿ ಅಲ್ಲಿಯ ಜನ ಬೆಳಗಿನ ತಂಪಿನಲ್ಲಿಯೇ ಕೆಲಸ ಮುಗಿಸುತ್ತಾರೆ. ತಲೆಗೆ ದಪ್ಪ ಪೇಟ ಸುತ್ತುತ್ತಾರೆ. ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಸಜ್ಜೆಯ ಹಿಟ್ಟು, ಮಜ್ಜಿಗೆ ಕೂಡಿಸಿ ಮಾಡಿದ 'ರಾಬಡಿ' ಕುಡಿಯುತ್ತಾರೆ. ನಮ್ಮ ಅಂಬಲಿಯಂತೆಯೇ ಅದು ಹೊಟ್ಟೆಗೆ ತಂಪು. ಹಳ್ಳಿಯ ಮನೆಗಳಿಗೆ ದಪ್ಪ ಮಣ್ಣಿನ ಗೋಡೆ, ಮೇಲೆ ಹುಲ್ಲಿನ ಹೊದಿಕೆ. ಕೆಲವು ಗುಡಿಸಲುಗಳು ದುಂಡಗೆ ಇರುತ್ತವೆ. ಗಾಳಿ ಅವುಗಳನ್ನು ಬಳಸಿಕೊಂಡು ಹೋಗುತ್ತದೆ.

ರಾತ್ರಿಯಾದೊಡನೆ ಚಿತ್ರ ಬದಲಾಗುತ್ತದೆ. ಮರಳು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಶಾಖವನ್ನು ತಡೆದು ಹಿಡಿಯಲು ಮೋಡವಾಗಲಿ ಗಾಳಿಯಲ್ಲಿ ತೇವವಾಗಲಿ ಇರುವುದಿಲ್ಲ. ಆದ್ದರಿಂದ ಹಗಲಿಗಿಂತ ರಾತ್ರಿ ಎಷ್ಟೋ ಹಿತ. ಮೇ ತಿಂಗಳಲ್ಲಿ 50 ಅಂಶ ಮುಟ್ಟುವ ಚುರುವಿನಲ್ಲಿ ಚಳಿಗಾಲದ ಕೆಲವು ರಾತ್ರಿಗಳು ಸೊನ್ನೆಗಿಂತಲೂ ಕೆಳಗೆ ಇಳಿಯುತ್ತವೆ.

ಮಳೆ ಕರೆಯುವ ನಾಡಿಗೇ ಮಳೆ ಕಡಿಮೆ

ಇಲ್ಲಿ ಒಂದು ಸೋಜಿಗದ ಸಂಗತಿ ಇದೆ. ಥಾರ್ ಕಾಯುವುದಕ್ಕೂ ನಮ್ಮೂರಿನ ಮಳೆಗೂ ಸಂಬಂಧವಿದೆ.

ಬೇಸಿಗೆಯಲ್ಲಿ ಥಾರ್‌ನ ನೆಲ ಕಾಯ್ದಾಗ ಅದರ ಮೇಲಿನ ಗಾಳಿಯೂ ಕಾಯುತ್ತದೆ. ಕಾಯ್ದ ಗಾಳಿ ಹಗುರಾಗಿ ಮೇಲಕ್ಕೆ ಏರುತ್ತದೆ. ಆಗ ಅಲ್ಲಿ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಸಮುದ್ರದ ಮೇಲಿನ ತೇವದ ಗಾಳಿ ಆ ಕಡೆಗೆ ಸೆಳೆಯಲ್ಪಡುತ್ತದೆ. ಮುಂಗಾರು ಗಾಳಿಯನ್ನು ನಮ್ಮ ದೇಶದೊಳಗೆ ಎಳೆದು ತರುವ ಕಾರಣಗಳಲ್ಲಿ ಇದೂ ಒಂದು. ಅಂದರೆ ನಮ್ಮ ಹೊಲಕ್ಕೆ ಮಳೆ ಬರುವುದರಲ್ಲಿ ದೂರದ ಥಾರ್‌ನ ಬಿಸಿಲಿನ ಪಾಲೂ ಇದೆ.

ಆದರೆ ಥಾರ್‌ಗೆ ಸಿಗುವ ಮಳೆ ಎಷ್ಟು? ಜೈಸಲ್ಮೇರಿನಲ್ಲಿ ವರ್ಷಕ್ಕೆ ಸರಾಸರಿ 200 ಮಿ.ಮೀ.ಗಿಂತಲೂ ಕಡಿಮೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣಲು ಕುಳಿತ ತಾಯಿಯ ಹಾಗೆ ಅದರ ಸ್ಥಿತಿ. ಇದಕ್ಕೆ ಕಾರಣಗಳಿವೆ.

ಮುಂಗಾರು ಗಾಳಿಗೆ ಎರಡು ಕವಲುಗಳು. ಅರಬ್ಬೀ ಸಮುದ್ರದ ಕವಲು ರಾಜಸ್ಥಾನವನ್ನು ಹಾದುಹೋಗುತ್ತದೆ. ಅಲ್ಲಿ ಅರವಳಿ ಪರ್ವತಗಳಿವೆ. ನಮ್ಮ ಸಹ್ಯಾದ್ರಿ ಗಾಳಿಗೆ ಅಡ್ಡವಾಗಿ ನಿಂತು ಮಳೆ ಸುರಿಸಿಕೊಳ್ಳುತ್ತದೆ. ಅರವಳಿಯ ಸಾಲು ನೈಋತ್ಯದಿಂದ ಈಶಾನ್ಯಕ್ಕೆ, ಗಾಳಿ ಸಾಗುವ ದಿಕ್ಕಿನಲ್ಲಿಯೇ ಇದೆ. ಹಾಗಾಗಿ ಗಾಳಿ ತಡೆಯಿಲ್ಲದೆ ಪಕ್ಕದಲ್ಲಿ ಸರಿದುಹೋಗುತ್ತದೆ. ಬಂಗಾಲ ಉಪಸಾಗರದ ಕವಲು ಬಂಗಾಲ, ಬಿಹಾರ, ಉತ್ತರ ಪ್ರದೇಶಗಳಲ್ಲಿ ಮಳೆ ಸುರಿಸುತ್ತ ಬರುತ್ತದೆ. ಥಾರ್ ತಲುಪುವ ಹೊತ್ತಿಗೆ ಅದರಲ್ಲಿ ತೇವ ಉಳಿದಿರುವುದು ಸ್ವಲ್ಪವೇ. ಇದಲ್ಲದೆ ಅಲ್ಲಿ ಆಕಾಶದ ಮೇಲ್ಭಾಗದ ಗಾಳಿ ಬಹಳ ಒಣಗಿರುತ್ತದೆ. ಅದು ಮೋಡ ಎತ್ತರಕ್ಕೆ ಬೆಳೆಯಲು ಬಿಡುವುದಿಲ್ಲ.

ಮುಂಗಾರು ಅಲ್ಲಿಗೆ ತಲುಪುವುದು ಜುಲೈ ತಿಂಗಳಲ್ಲಿ. ಸಪ್ಟೆಂಬರ್ ಮಧ್ಯದ ಹೊತ್ತಿಗೆ ಅದು ಹಿಂದಿರುಗಲು ತೊಡಗುತ್ತದೆ. ದೇಶದಲ್ಲಿ ಮುಂಗಾರು ತಡವಾಗಿ ಮುಟ್ಟುವುದೂ ಮೊದಲು ಬಿಟ್ಟುಹೋಗುವುದೂ ಈ ಭಾಗವನ್ನೇ. ಈ ಎರಡು ಎರಡೂವರೆ ತಿಂಗಳಲ್ಲಿಯೂ ದಿನವೂ ಮಳೆ ಇಲ್ಲ. ಚೆನ್ನಾಗಿ ಮಳೆ ಸುರಿಯುವ ದಿನಗಳನ್ನು ಕೈಬೆರಳಿನಲ್ಲಿ ಎಣಿಸಬಹುದು.

ಮೊದಲು ಧೂಳು, ಆಮೇಲೆ ನೀರು

ಮಳೆಗೆ ಮುಂಚೆ 'ಆಂಧಿ' ಬರುತ್ತದೆ. ಆಂಧಿ ಎಂದರೆ ಧೂಳಿನ ಬಿರುಗಾಳಿ. ದೂರದ ದಿಗಂತದಲ್ಲಿ ಕಂದು ಬಣ್ಣದ ಗೋಡೆಯೊಂದು ಎದ್ದು ನಮ್ಮ ಕಡೆಗೇ ನಡೆದು ಬಂದಂತೆ ಕಾಣುತ್ತದೆ. ಕೆಲವೇ ನಿಮಿಷಗಳಲ್ಲಿ ಹಗಲು ಕತ್ತಲಾಗುತ್ತದೆ. ಕಣ್ಣು, ಮೂಗು, ಬಾಯಿಯಲ್ಲೆಲ್ಲ ಮರಳು. ಕುರಿಗಳು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ಒಂಟೆ ಮಾತ್ರ ತನ್ನ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಉದ್ದನೆಯ ರೆಪ್ಪೆಗೂದಲುಗಳಿಂದ ಕಣ್ಣು ಕಾಪಾಡಿಕೊಂಡು ಸುಮ್ಮನೆ ಕುಳಿತುಬಿಡುತ್ತದೆ.

ಆಂಧಿ ಏಕೆ ಏಳುತ್ತದೆ? ಮೋಡದಿಂದ ಮಳೆ ಬೀಳಲು ಆರಂಭವಾಗಿರುತ್ತದೆ. ಆದರೆ ಕೆಳಗಿನ ಗಾಳಿ ಬಿಸಿಯಾಗಿ ಒಣಗಿರುವುದರಿಂದ ಹನಿಗಳು ನೆಲ ಮುಟ್ಟುವ ಮೊದಲೇ ಆವಿಯಾಗುತ್ತವೆ. ಆಗ ಸುತ್ತಲಿನ ಗಾಳಿ ತಂಪಾಗಿ ಭಾರವಾಗುತ್ತದೆ. ಭಾರವಾದ ಗಾಳಿ ರಭಸದಿಂದ ಕೆಳಗೆ ಬಿದ್ದು ನೆಲದ ಮೇಲೆ ಹರಡುತ್ತದೆ, ಧೂಳನ್ನು ಎಬ್ಬಿಸುತ್ತದೆ. ಹೀಗೆ ಎಷ್ಟೋ ಸಲ ಮಳೆ ಕಣ್ಣಿಗೆ ಕಂಡರೂ ಕೈಗೆ ಸಿಗುವುದಿಲ್ಲ.

ಗಾಳಿಯಲ್ಲಿ ತೇವ ಹೆಚ್ಚಿದ ಮೇಲೆ ನಿಜವಾದ ಮಳೆ ಬರುತ್ತದೆ. ಕಪ್ಪುಮೋಡಗಳ ಸಾಲಿಗೆ ಅಲ್ಲಿಯವರು 'ಕಳಾಯಣ' ಎನ್ನುತ್ತಾರೆ. ಕಳಾಯಣ ಕಂಡರೆ ಮಕ್ಕಳು ಕುಣಿಯುತ್ತಾರೆ. ಗುಡುಗು, ಸಿಡಿಲಿನೊಡನೆ ಮಳೆ ಸುರಿಯುತ್ತದೆ. ಅರ್ಧ ತಾಸು, ಹೆಚ್ಚೆಂದರೆ ಒಂದು ತಾಸು. ಒಂದು ಊರಿಗೆ ಬಿದ್ದ ಮಳೆ ಪಕ್ಕದ ಊರಿಗೆ ಬಿದ್ದಿರುವುದಿಲ್ಲ. ಮುಂದಿನ ಮಳೆ ಎಂದು ಬರುವುದೋ ಯಾರೂ ಹೇಳಲಾರರು. ಆದ್ದರಿಂದ ಆ ಒಂದು ತಾಸಿನ ಮಳೆಯನ್ನು ಹಿಡಿದಿಟ್ಟುಕೊಳ್ಳುವುದೇ ಅಲ್ಲಿಯ ಬದುಕಿನ ಮುಖ್ಯ ಕೆಲಸ.

ಮೂರು ಬಗೆಯ ನೀರು

ಥಾರ್‌ನ ಜನ ನೀರಿನಲ್ಲಿ ಮೂರು ಬಗೆ ಹೇಳುತ್ತಾರೆ. ಮಳೆಯಿಂದ ನೇರವಾಗಿ ಸಿಕ್ಕ ನೀರು 'ಪಾಲರ್ ಪಾನಿ'. ನೆಲದ ಆಳದಲ್ಲಿರುವ ನೀರು 'ಪಾತಾಳ್ ಪಾನಿ'. ಇದು ಅನೇಕ ಕಡೆ ಉಪ್ಪಾಗಿರುತ್ತದೆ, ಕುಡಿಯಲು ಬಾರದು. ಇವೆರಡರ ನಡುವೆ ಮರಳಿನಲ್ಲಿ ಇಂಗಿ ನಿಂತ ತೇವ 'ರೇಜಾಣಿ ಪಾನಿ'.

ಪಾಲರ್ ಪಾನಿಯನ್ನು ಕೂಡಿಡಲು 'ಟಾಂಕಾ' ಕಟ್ಟುತ್ತಾರೆ. ಇದು ನೆಲದೊಳಗೆ ಕಟ್ಟಿದ ದುಂಡನೆಯ ತೊಟ್ಟಿ. ಅದರ ಸುತ್ತಲಿನ ನೆಲವನ್ನು ಗಟ್ಟಿಯಾಗಿ ಬಡಿದು ತೊಟ್ಟಿಯ ಕಡೆಗೆ ಇಳಿಜಾರು ಮಾಡಿರುತ್ತಾರೆ. ಈ ಅಂಗಳಕ್ಕೆ 'ಆಗೋರ್' ಎಂದು ಹೆಸರು. ಮಳೆಗಾಲಕ್ಕೆ ಮುಂಚೆ ಆಗೋರ್ ಗುಡಿಸಿ ಸ್ವಚ್ಛ ಮಾಡುತ್ತಾರೆ. ಅದರ ಮೇಲೆ ಚಪ್ಪಲಿ ಮೆಟ್ಟಿ ನಡೆಯುವುದಿಲ್ಲ, ದನಕರುಗಳನ್ನು ಬಿಡುವುದಿಲ್ಲ.

ಒಂದು ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಆಗೋರ್ 200 ಚದರ ಮೀಟರ್ ಇದೆ, ಒಂದು ಮಳೆಯಲ್ಲಿ 15 ಮಿ.ಮೀ. ಬಿತ್ತು ಎಂದುಕೊಳ್ಳಿರಿ. ಆಗ ಅದರ ಮೇಲೆ ಬಿದ್ದ ನೀರು 3000 ಲೀಟರ್. ಅದರಲ್ಲಿ ಅರ್ಧ ನೆಲಕ್ಕೆ ಇಂಗಿದರೂ 1500 ಲೀಟರ್ ತೊಟ್ಟಿಗೆ ಬರುತ್ತದೆ. ಐದು ಜನರ ಕುಟುಂಬ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರ್ ಬಳಸಿದರೆ ಅದು 60 ದಿನ ಸಾಕಾಗುತ್ತದೆ. ಅರ್ಧ ತಾಸಿನ ಮಳೆಯಿಂದ ಎರಡು ತಿಂಗಳ ನೀರು!

ರೇಜಾಣಿ ಪಾನಿಯನ್ನು ಪಡೆಯುವ ಬಗೆ ಇನ್ನೂ ಸೋಜಿಗದ್ದು. ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಮ್ಮಿನ ಗಟ್ಟಿ ಪದರವಿದೆ. ಮಳೆನೀರು ಇಂಗಿ ಆ ಪದರದ ಮೇಲೆ ನಿಲ್ಲುತ್ತದೆ, ಕೆಳಗಿನ ಉಪ್ಪುನೀರಿಗೆ ಬೆರೆಯುವುದಿಲ್ಲ. ಅಲ್ಲಿ 'ಕುಈ' ಎಂಬ ಬಹಳ ಇಕ್ಕಟ್ಟಾದ ಬಾವಿ ತೋಡುತ್ತಾರೆ. ಒಬ್ಬ ಮನುಷ್ಯ ಕುಕ್ಕುರುಗಾಲಲ್ಲಿ ಕುಳಿತು ಅಗೆಯುವಷ್ಟೇ ಅದರ ಅಗಲ. ಅಗೆದಂತೆ ಒಳಗೆ ಸೆಕೆ ಹೆಚ್ಚುತ್ತದೆ. ಆಗ ಮೇಲಿದ್ದವರು ಆಗಾಗ ಹಿಡಿಮರಳನ್ನು ರಭಸದಿಂದ ಒಳಗೆ ಎಸೆಯುತ್ತಾರೆ. ಅದರೊಡನೆ ಮೇಲಿನ ತಾಜಾ ಗಾಳಿ ಕೆಳಗೆ ಇಳಿಯುತ್ತದೆ. ಮರಳು ತಲೆಗೆ ತಾಗದಂತೆ ಅಗೆಯುವವನು ಲೋಹದ ಟೋಪಿ ಹಾಕಿಕೊಂಡಿರುತ್ತಾನೆ. ಕುಈಯಲ್ಲಿ ಹನಿಹನಿಯಾಗಿ ನೀರು ಒಸರುತ್ತದೆ. ದಿನವಿಡೀ ಕಾಯ್ದರೆ ಎರಡು ಮೂರು ಕೊಡ ಸಿಕ್ಕೀತು. ಆದರೆ ಅದು ಸಿಹಿನೀರು.

ಬೆಳೆಗೂ ಒಂದು ಉಪಾಯವಿದೆ. ಕಲ್ಲುಗುಡ್ಡದಿಂದ ಹರಿದು ಬರುವ ಮಳೆನೀರಿಗೆ ತಗ್ಗಿನಲ್ಲಿ ಉದ್ದನೆಯ ಒಡ್ಡು ಹಾಕುತ್ತಾರೆ. ನೀರು ಅಲ್ಲಿ ನಿಂತು ನೆಲಕ್ಕೆ ಇಂಗುತ್ತದೆ. ಮಳೆಗಾಲ ಮುಗಿದ ಮೇಲೆ ಆ ತೇವದಲ್ಲಿ ಗೋದಿ, ಕಡಲೆ ಬಿತ್ತುತ್ತಾರೆ. ಇಂಥ ಹೊಲಕ್ಕೆ 'ಖಡೀನ್' ಎನ್ನುತ್ತಾರೆ. ಜೈಸಲ್ಮೇರಿನ ಕಡೆ ಪಾಲಿವಾಲ್ ಜನ ಸುಮಾರು 15ನೆಯ ಶತಮಾನದಿಂದ ಇವುಗಳನ್ನು ಕಟ್ಟುತ್ತ ಬಂದರು. ಉಳಿದ ಹೊಲಗಳಲ್ಲಿ ಕಡಿಮೆ ನೀರು ಬೇಡುವ ಸಜ್ಜೆ, ಮಡಿಕೆ ಕಾಳು, ಚವಳಿಕಾಯಿ ಬೆಳೆಯುತ್ತಾರೆ.

"ತುಪ್ಪ ಚೆಲ್ಲಿದರೆ ನಷ್ಟವಿಲ್ಲ, ನೀರು ಚೆಲ್ಲಿದರೆ ಜೀವ ಉರಿಯುತ್ತದೆ" ಎಂಬ ಅರ್ಥದ ಗಾದೆಯೊಂದು ಅಲ್ಲಿದೆ. ಟಾಂಕಾದ ಬಾಯಿಗೆ ಬೀಗ ಹಾಕುವವರಿಗೆ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತು.

ಅಲ್ಲಿಯೂ ನಮ್ಮ ಬನ್ನಿ

ದಸರೆಯಲ್ಲಿ "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ನಾವು ಬನ್ನಿಯ ಎಲೆ ಕೊಡುತ್ತೇವಲ್ಲವೇ? ಅದೇ ಮರ ಥಾರ್‌ನಲ್ಲಿ 'ಖೇಜಡಿ'. ಅದರ ಬೇರು ಬಹಳ ಆಳಕ್ಕೆ ಇಳಿದು ನೀರು ಹುಡುಕುತ್ತದೆ. ಉಳಿದ ಗಿಡಗಳು ಒಣಗುವ ಬೇಸಿಗೆಯಲ್ಲಿ ಅದು ಹಸಿರಾಗಿರುತ್ತದೆ. ಎಲೆ ಆಡು, ಒಂಟೆಗಳಿಗೆ ಮೇವು. 'ಸಾಂಗ್ರಿ' ಎಂಬ ಅದರ ಕಾಯಿಯಿಂದ ಜನ ಪಲ್ಯ ಮಾಡುತ್ತಾರೆ. ಒಣಗಿಸಿ ಬರಗಾಲಕ್ಕೂ ಇಟ್ಟುಕೊಳ್ಳುತ್ತಾರೆ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡಲಿ ಗ್ರಾಮದಲ್ಲಿ ರಾಜನ ಆಳುಗಳು ಈ ಮರಗಳನ್ನು ಕಡಿಯಲು ಬಂದರು. ಅಮೃತಾದೇವಿ ಎಂಬ ಬಿಷ್ಣೋಯಿ ಹೆಣ್ಣುಮಗಳು ಮರವನ್ನು ಅಪ್ಪಿ ನಿಂತಳು, ಪ್ರಾಣ ಕೊಟ್ಟಳು. ಅಂದು 363 ಜನ ಮರಗಳಿಗಾಗಿ ಪ್ರಾಣ ಕೊಟ್ಟರೆಂದು ಅಲ್ಲಿಯ ಜನ ಇಂದಿಗೂ ನೆನೆಯುತ್ತಾರೆ. 1983ರಲ್ಲಿ ಖೇಜಡಿಯನ್ನು ರಾಜಸ್ಥಾನದ ರಾಜ್ಯವೃಕ್ಷವೆಂದು ಸಾರಲಾಯಿತು.

ಮಳೆಯೇ ಆಪತ್ತಾದಾಗ

ಮರುಭೂಮಿಯಲ್ಲಿ ಮಳೆ ಯಾವಾಗಲೂ ಅಳತೆಯಲ್ಲಿ ಬರುವುದಿಲ್ಲ. 2006ರ ಆಗಸ್ಟ್ ತಿಂಗಳಲ್ಲಿ ಬಾಡಮೇರ್ ಜಿಲ್ಲೆಯಲ್ಲಿ ಇಡೀ ವರ್ಷದ ಸರಾಸರಿಗಿಂತ ಹೆಚ್ಚಿನ ಮಳೆ ಕೆಲವೇ ದಿನಗಳಲ್ಲಿ ಸುರಿಯಿತು. ಕವಾಸ್ ಮುಂತಾದ ಹಳ್ಳಿಗಳು ಮುಳುಗಿದವು. ನೂರಕ್ಕಿಂತ ಹೆಚ್ಚು ಜನ ಸತ್ತರು. ಮರಳಿನ ಕೆಳಗಿನ ಜಿಪ್ಸಮ್ ಪದರ ನೀರನ್ನು ಇಂಗಲು ಬಿಡಲಿಲ್ಲ. ಕುಈಗಳಿಗೆ ಸಿಹಿನೀರು ಕೊಡುವ ಪದರವೇ ಅಂದು ಶತ್ರುವಾಯಿತು. ನೀರು ತಿಂಗಳುಗಟ್ಟಲೆ ಅಲ್ಲಿಯೇ ನಿಂತಿತು. ಒಣನಾಡೆಂದು ನೀರು ಹರಿಯುವ ತಗ್ಗಿನಲ್ಲಿ ಮನೆ ಕಟ್ಟಬಾರದು ಎಂಬ ಪಾಠವನ್ನು ಆ ನೆರೆ ಕಲಿಸಿತು.

ಕಾಲುವೆ ಬಂತು, ಆದರೂ...

1958ರಲ್ಲಿ ಥಾರ್‌ಗೆ ಕಾಲುವೆ ತರುವ ಕೆಲಸ ಆರಂಭವಾಯಿತು. ಪಂಜಾಬಿನ ಹರಿಕೆ ಎಂಬಲ್ಲಿಂದ ಹೊರಡುವ ಈ ಕಾಲುವೆಗೆ ಈಗ ಇಂದಿರಾ ಗಾಂಧಿ ಕಾಲುವೆ ಎಂದು ಹೆಸರು. ಉದ್ದ ಸುಮಾರು 650 ಕಿಲೋಮೀಟರ್. ಅದು ಹೋದ ಕಡೆ ಗೋದಿ, ಸಾಸಿವೆ, ಹತ್ತಿಯ ಹೊಲಗಳು ಎದ್ದವು. ಅನೇಕ ಊರುಗಳಿಗೆ ಕುಡಿಯುವ ನೀರು ಬಂತು. ಕೆಲವು ಕಡೆ ನೀರು ಹೆಚ್ಚಾಗಿ ನೆಲ ಜವುಳಾದದ್ದೂ ಉಂಟು.

ನಳ ಬಂದ ಮೇಲೆ ಕೆಲವು ಊರುಗಳ ಜನ ಟಾಂಕಾ, ಕೆರೆಗಳನ್ನು ಮರೆತರು. ಹೂಳು ತುಂಬಿತು, ಆಗೋರ್ ಹಾಳಾಯಿತು. ಆದರೆ ದುರಸ್ತಿಗಾಗಿ ಬೇಸಿಗೆಯ ದಿನಗಳಲ್ಲಿ ಕೆಲವು ವಾರ ಕಾಲುವೆಯನ್ನು ನಿಲ್ಲಿಸುತ್ತಾರೆ. ಆಗ ನಳಕ್ಕೆ ನೀರಿನ ಅಭಾವ. ಟಾಂಕಾ ಉಳಿಸಿಕೊಂಡವರ ಮನೆಯಲ್ಲಿ ಹಿಂದಿನ ವರ್ಷದ ಮಳೆ ಇನ್ನೂ ಇರುತ್ತದೆ. ಉಳಿಸಿಕೊಳ್ಳದವರು ದೂರದಿಂದ ನೀರು ಹೊರಬೇಕು. ಹೆಚ್ಚಾಗಿ ಈ ಕೆಲಸ ತಾಯಂದಿರಿಗೆ, ಹುಡುಗಿಯರಿಗೆ ಬೀಳುತ್ತದೆ. ನೀರು ದೂರವಾದರೆ ಶಾಲೆಯೂ ದೂರವಾಗುತ್ತದೆ.

ಮಕ್ಕಳೇ, ಥಾರ್‌ಗಿಂತ ಎರಡು ಮೂರು ಪಟ್ಟು ಮಳೆ ನಮ್ಮ ಸೊಲ್ಲಾಪುರದ ಕಡೆ ಬೀಳುತ್ತದೆ. ಅದರಲ್ಲಿ ನಾವು ಹಿಡಿದಿಟ್ಟುಕೊಳ್ಳುವುದು ಎಷ್ಟು, ಹಳ್ಳಕ್ಕೆ ಹರಿಯಬಿಡುವುದು ಎಷ್ಟು? ಬರುವ ಮಿರಗದ ಮಳೆಗೆ ಮೊದಲು ನಿಮ್ಮ ಶಾಲೆಯ ಛಾವಣಿಯ ಕೆಳಗೆ ನಿಂತು ಒಮ್ಮೆ ಲೆಕ್ಕ ಹಾಕಿ ನೋಡಿರಿ.

ಶಬ್ದಾರ್ಥ

ವಾಯವ್ಯ : ಉತ್ತರ ಮತ್ತು ಪಶ್ಚಿಮದ ನಡುವಿನ ದಿಕ್ಕು
ಝಳ : ಶಾಖದ ಹೊಡೆತ
ಕವಲು : ಶಾಖೆ, ಟಿಸಿಲು
ದಿಗಂತ : ಭೂಮಿ, ಆಕಾಶ ಕೂಡಿದಂತೆ ಕಾಣುವ ಅಂಚು
ಒಸರು : ಸ್ವಲ್ಪ ಸ್ವಲ್ಪವಾಗಿ ಹೊರಬರು, ಜಿನುಗು
ಒಡ್ಡು : ನೀರಿಗೆ ಅಡ್ಡವಾಗಿ ಹಾಕಿದ ಕಟ್ಟೆ
ಜವುಳು : ನೀರು ನಿಂತು ಹಾಳಾದ ನೆಲ
ಹೂಳು : ನೀರಿನ ತಳದಲ್ಲಿ ನಿಂತ ಕೆಸರು

ಸ್ವಾಧ್ಯಾಯ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. 2016ರಲ್ಲಿ ಫಲೋದಿಯಲ್ಲಿ ಎಷ್ಟು ತಾಪಮಾನ ದಾಖಲಾಯಿತು?
2. 'ಲೂ' ಎಂದರೇನು?
3. ಪಾತಾಳ್ ಪಾನಿ ಅನೇಕ ಕಡೆ ಕುಡಿಯಲು ಏಕೆ ಬಾರದು?
4. ರಾಜಸ್ಥಾನದ ರಾಜ್ಯವೃಕ್ಷ ಯಾವುದು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಥಾರ್‌ನ ಬಿಸಿಲಿಗೂ ಮುಂಗಾರು ಮಳೆಗೂ ಇರುವ ಸಂಬಂಧವೇನು?
2. ಆಂಧಿ ಹೇಗೆ ಏಳುತ್ತದೆ?
3. ಕುಈ ತೋಡುವಾಗ ಮೇಲಿನಿಂದ ಮರಳು ಎಸೆಯುವುದೇಕೆ?
4. ಕಾಲುವೆ ಬಂದ ಮೇಲೂ ಟಾಂಕಾ ಏಕೆ ಬೇಕು?

ಇ) ಕಾರಣ ಕೊಡಿರಿ.
1. ಅರವಳಿ ಪರ್ವತಗಳಿದ್ದರೂ ಥಾರ್‌ನಲ್ಲಿ ಮಳೆ ಕಡಿಮೆ.
2. ಮರುಭೂಮಿಯಲ್ಲಿ ರಾತ್ರಿ ತಂಪಾಗಿರುತ್ತದೆ.
3. ಆಗೋರ್ ಮೇಲೆ ದನಕರುಗಳನ್ನು ಬಿಡುವುದಿಲ್ಲ.

ಈ) ಬಿಟ್ಟ ಸ್ಥಳ ತುಂಬಿರಿ.
1. ಮಳೆಯಿಂದ ನೇರವಾಗಿ ಸಿಕ್ಕ ನೀರಿಗೆ ______ ಎನ್ನುತ್ತಾರೆ.
2. ಇಂದಿರಾ ಗಾಂಧಿ ಕಾಲುವೆ ಪಂಜಾಬಿನ ______ ಎಂಬಲ್ಲಿಂದ ಹೊರಡುತ್ತದೆ.
3. ಥಾರ್‌ನಲ್ಲಿ ಬನ್ನಿ ಮರಕ್ಕೆ ______ ಎಂದು ಹೆಸರು.

ಉ) ವಿರುದ್ಧಾರ್ಥಕ ಶಬ್ದ ಬರೆಯಿರಿ.
ಒಣ, ಆಳ, ಸಿಹಿ, ಹಗುರ, ಶತ್ರು

ಉಪಕ್ರಮ

1. ನಿಮ್ಮ ಶಾಲೆಯ ಛಾವಣಿಯ ಉದ್ದ, ಅಗಲ ಅಳೆದು ಅದು ಎಷ್ಟು ಚದರ ಮೀಟರ್ ಇದೆ ಎಂದು ಕಂಡುಹಿಡಿಯಿರಿ. 20 ಮಿ.ಮೀ. ಮಳೆ ಬಿದ್ದರೆ ಅದರ ಮೇಲೆ ಎಷ್ಟು ಲೀಟರ್ ನೀರು ಬೀಳುತ್ತದೆ? ಪಾಠದಲ್ಲಿಯ ರೀತಿಯಿಂದ ಲೆಕ್ಕ ಮಾಡಿರಿ.
2. ನಿಮ್ಮ ಊರಿನ ಹಳೆಯ ಬಾವಿ, ಕೆರೆ, ಒಡ್ಡುಗಳ ಬಗ್ಗೆ ಅಜ್ಜ, ಅಜ್ಜಿಯರನ್ನು ಕೇಳಿ ಹತ್ತು ಸಾಲು ಬರೆಯಿರಿ. ಅವು ಈಗ ಹೇಗಿವೆ ಎಂದು ಗುರುಗಳ ಜೊತೆಗೆ ಹೋಗಿ ನೋಡಿಕೊಂಡು ಬನ್ನಿರಿ.